ಅಚ್ಚು ಬದಲಾವಣೆಯ ತಾಸುಗಳಿಗೂ ಲೆಕ್ಕ ಬೇಕು

ಬ್ಯಾಟರಿ ಎಂದರೆ ಲಾರಿ ಮತ್ತು ಟ್ರ್ಯಾಕ್ಟರುಗಳ ಬ್ಯಾಟರಿ ಎಂದಷ್ಟೇ ತಿಳಿಯುತ್ತಿದ್ದ ಕಾಲವೊಂದಿತ್ತು. ಇಂದು ದ್ವಿಚಕ್ರ ವಾಹನ, ಕಾರು, ಟ್ರ್ಯಾಕ್ಟರ್, ಮನೆಯ ಇನ್ವರ್ಟರ್, ಸೌರದೀಪ, ಇ-ರಿಕ್ಷಾ ಹೀಗೆ ಒಂದೊಂದಕ್ಕೂ ಬೇರೆ ಬೇರೆ ಅಳತೆಯ ಹಾಗೂ ಸಾಮರ್ಥ್ಯದ ಬ್ಯಾಟರಿ ಬೇಕಾಗಿದೆ. ವ್ಯಾಪಾರಸ್ಥರು ಒಂದೇ ಬಗೆಯ ಐನೂರು ಬ್ಯಾಟರಿಗಳಿಗೆ ಬೇಡಿಕೆ ಸಲ್ಲಿಸುವುದು ಅಪರೂಪವಾಗುತ್ತಿದೆ. ಆರು ಬಗೆಗಳಲ್ಲಿ ಐವತ್ತೈವತ್ತು ಬೇಕು, ಅದೂ ಈ ವಾರದಲ್ಲಿಯೇ ಬೇಕು ಎನ್ನುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ಸೀಸದ ಬ್ಯಾಟರಿಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದ ನಂತರ, ಬಿಲ್ಲಿಲ್ಲದೆ ಮಾರುವವರಿಗೆ ಇದ್ದ ಬೆಲೆಯ ಅನುಕೂಲವೂ ಕಡಿಮೆಯಾಗಿದೆ. ಆದ್ದರಿಂದ ಇನ್ನು ಮುಂದಿನ ಸ್ಪರ್ಧೆ ಉತ್ಪಾದನಾ ವೆಚ್ಚ ಮತ್ತು ಸಕಾಲಿಕ ಪೂರೈಕೆ ಇವೆರಡರ ಮೇಲೆಯೇ ನಿಲ್ಲಲಿದೆ.

ಈ ಪರಿಸ್ಥಿತಿಯಲ್ಲಿ ಸಣ್ಣ ತಯಾರಕರು ಸಾಮಾನ್ಯವಾಗಿ ಯೋಚಿಸುವುದು ಹೊಸ ಯಂತ್ರದ ಬಗ್ಗೆ. ಯೋಜನಾ ವರದಿ ಸಿದ್ಧಪಡಿಸಿ ಬ್ಯಾಂಕಿಗೆ ಅರ್ಜಿ ಹಾಕಬೇಕೆಂದು ನಮ್ಮಂತಹ ಲೆಕ್ಕಪರಿಶೋಧಕರ ಬಳಿಗೆ ಬರುತ್ತಾರೆ. ಅಂತಹವರಲ್ಲಿ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಈಗಿರುವ ಯಂತ್ರ ತಿಂಗಳಲ್ಲಿ ಎಷ್ಟು ತಾಸು ನಿಂತಿರುತ್ತದೆ? ಬಹುತೇಕರ ಬಳಿ ಇದಕ್ಕೆ ಉತ್ತರವಿರುವುದಿಲ್ಲ. ವಿದ್ಯುತ್ ಕಡಿತದಿಂದ ಹೋದ ವೇಳೆ ಅವರಿಗೆ ನೆನಪಿರುತ್ತದೆ. ಯಂತ್ರ ಕೆಟ್ಟು ಹೋದ ವೇಳೆಯೂ ನೆನಪಿರುತ್ತದೆ. ಒಂದು ಬಗೆಯ ಬ್ಯಾಟರಿಯಿಂದ ಇನ್ನೊಂದು ಬಗೆಗೆ ಹೋಗುವಾಗ ಅಚ್ಚು, ಜಿಗ್ಗುಗಳನ್ನು ಬದಲಾಯಿಸಲು ಹೋದ ವೇಳೆ ಮಾತ್ರ ಯಾರ ಲೆಕ್ಕಕ್ಕೂ ಬರುವುದಿಲ್ಲ. ಅದು ಕೆಲಸದ ಒಂದು ಭಾಗವೆಂದೇ ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದಾರೆ. ಹೊಸ ಯಂತ್ರಕ್ಕೆ ಸಾಲ ಮಾಡುವ ಮೊದಲು ಈ ವೇಳೆಯನ್ನು ಅಳೆಯಬೇಕು, ಅದನ್ನು ಕಡಿಮೆ ಮಾಡುವ ತ್ವರಿತ ಬದಲಾವಣೆಯ ಟೂಲಿಂಗ್‌ಗೆ ಹಣ ಹಾಕಬೇಕು ಎಂಬುದು ಈ ಲೇಖನದ ಅಭಿಪ್ರಾಯ.

ಕೆಲಸ ನಿಲ್ಲುವುದು ಎಲ್ಲಿ?

ಸೀಸದ ಬ್ಯಾಟರಿ ತಯಾರಿಕೆಯಲ್ಲಿ ಗ್ರಿಡ್ ಎರಕ, ಪೇಸ್ಟ್ ಲೇಪನ, ಪ್ಲೇಟುಗಳ ಹದಗೊಳಿಸುವಿಕೆ, ಪ್ಲೇಟು ಮತ್ತು ಸೆಪರೇಟರುಗಳ ಜೋಡಣೆ, ಸ್ಟ್ರಾಪ್ ಎರಕ, ಡಬ್ಬಿಯೊಳಗೆ ಕೂಡಿಸುವುದು, ಕೋಶಗಳ ನಡುವಿನ ಬೆಸುಗೆ, ಮುಚ್ಚಳ ಕೂಡಿಸುವುದು, ಆಮ್ಲ ತುಂಬಿ ಚಾರ್ಜ್ ಮಾಡುವುದು ಎಂಬ ಹಂತಗಳಿವೆ. ಬ್ಯಾಟರಿಯ ಬಗೆ ಬದಲಾದಂತೆ ಇವುಗಳಲ್ಲಿ ಹಲವು ಹಂತಗಳ ಉಪಕರಣಗಳೂ ಬದಲಾಗಬೇಕಾಗುತ್ತದೆ. ಅವುಗಳಲ್ಲಿ ಹೆಚ್ಚು ತೊಂದರೆ ಕೊಡುವುದು ಸ್ಟ್ರಾಪ್ ಎರಕದ ಯಂತ್ರ, ಅಂದರೆ ಕಾರ್ಖಾನೆಗಳಲ್ಲಿ ಸಿಒಎಸ್ ಎಂದು ಕರೆಯುವ ಯಂತ್ರ.

ಈ ಯಂತ್ರದ ಕೆಲಸವನ್ನು ಸರಳವಾಗಿ ಹೇಳುವುದಾದರೆ, ಪ್ಲೇಟುಗಳ ಗುಂಪುಗಳನ್ನು ಜಿಗ್ ಬಾಕ್ಸಿನಲ್ಲಿ ಬಿಗಿಯಾಗಿ ಹಿಡಿದು, ಅವುಗಳ ಮೇಲಿನ ಕಿವಿಗಳನ್ನು ಸ್ವಚ್ಛಗೊಳಿಸಿ ಫ್ಲಕ್ಸ್ ಹಚ್ಚಿ, ಕರಗಿದ ಸೀಸ ತುಂಬಿದ ಅಚ್ಚಿನಲ್ಲಿ ಅದ್ದಲಾಗುತ್ತದೆ. ಸೀಸ ತಣಿದು ಗಟ್ಟಿಯಾದಾಗ ಒಂದು ಕೋಶದ ಒಂದೇ ಧ್ರುವದ ಪ್ಲೇಟುಗಳೆಲ್ಲ ಒಂದು ಪಟ್ಟಿಯಿಂದ ಕೂಡಿಕೊಳ್ಳುತ್ತವೆ. ಪ್ಲೇಟುಗಳ ಸಂಖ್ಯೆ, ಕೋಶದ ಅಳತೆ, ಕೋಶಗಳ ಜೋಡಣೆಯ ಕ್ರಮ ಯಾವುದೇ ಬದಲಾದರೂ ಅಚ್ಚು ಮತ್ತು ಜಿಗ್ ಬಾಕ್ಸ್ ಬದಲಾಗಬೇಕು.

ಸೀಸ ಕರಗುವುದು ಸುಮಾರು 327 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ. ಅಚ್ಚನ್ನೂ ಕಾಯಿಸಿಯೇ ಇಟ್ಟಿರಬೇಕಾಗುತ್ತದೆ. ಆದ್ದರಿಂದ ಹಳೆಯ ಪದ್ಧತಿಯಲ್ಲಿ ಅಚ್ಚು ಬದಲಾಯಿಸುವುದೆಂದರೆ ಮೊದಲು ಅದು ತಣಿಯುವವರೆಗೆ ಕಾಯಬೇಕು. ನಂತರ ಹೀಟರಿನ ಹಾಗೂ ಉಷ್ಣಮಾಪಕದ ತಂತಿಗಳನ್ನು ಒಂದೊಂದಾಗಿ ಬಿಚ್ಚಬೇಕು, ನೀರಿನ ಕೊಳವೆಗಳನ್ನು ತೆಗೆಯಬೇಕು, ಬೋಲ್ಟುಗಳನ್ನು ಸಡಿಲಿಸಿ ಭಾರವಾದ ಅಚ್ಚನ್ನು ಎತ್ತಬೇಕು. ಹೊಸ ಅಚ್ಚನ್ನು ಇಟ್ಟು ಜಿಗ್ಗಿಗೆ ಸರಿಹೊಂದಿಸಬೇಕು, ಎಲ್ಲವನ್ನೂ ಮತ್ತೆ ಜೋಡಿಸಬೇಕು, ಕಾಯಿಸಬೇಕು, ನಾಲ್ಕಾರು ಬಾರಿ ಪ್ರಯೋಗಕ್ಕೆ ಎರಕ ಹೊಯ್ದು ನೋಡಬೇಕು. ಇದರಲ್ಲಿ ಫಿಟ್ಟರನ ಕೈ ನಿಜವಾಗಿ ದುಡಿಯುವುದು ಸ್ವಲ್ಪ ಹೊತ್ತು ಮಾತ್ರ. ಉಳಿದ ವೇಳೆಯೆಲ್ಲ ತಣಿಯುವುದಕ್ಕೆ, ಕಾಯುವುದಕ್ಕೆ ಮತ್ತು ಪಾನಾ ಹುಡುಕುವುದಕ್ಕೆ ಹೋಗುತ್ತದೆ.

ಲೆಕ್ಕದ ಪುಸ್ತಕ ತೋರಿಸದ ಖರ್ಚು

ಓದುಗರ ಅನುಕೂಲಕ್ಕಾಗಿ ಒಂದು ಕಾಲ್ಪನಿಕ ಘಟಕದ ಲೆಕ್ಕ ನೋಡೋಣ. ಒಂದೇ ಸ್ಟ್ರಾಪ್ ಎರಕದ ಯಂತ್ರ, ದಿನಕ್ಕೆ ಒಂದು ಪಾಳಿ, ತಿಂಗಳಿಗೆ 25 ದಿನ, ಒಟ್ಟು 200 ತಾಸು. ಆರು ಬಗೆಯ ಬ್ಯಾಟರಿಗಳನ್ನು ತಿಂಗಳಿಗೆ ಎರಡೆರಡು ಬಾರಿ ತಯಾರಿಸುವುದರಿಂದ 12 ಬದಲಾವಣೆಗಳು. ಪ್ರತಿ ಬದಲಾವಣೆಗೆ 3 ತಾಸಿನಂತೆ 36 ತಾಸು ಹೋಗುತ್ತದೆ. ಉಳಿದ 164 ತಾಸಿನಲ್ಲಿ ತಾಸಿಗೆ 30ರಂತೆ 4,920 ಬ್ಯಾಟರಿಗಳು ತಯಾರಾಗುತ್ತವೆ.

ಇಲ್ಲಿ ಯಂತ್ರದ ಸಾಮರ್ಥ್ಯದ ಶೇ. 18ರಷ್ಟು ಭಾಗ ನಷ್ಟವಾಗಿದೆ. ಲಾಭ-ನಷ್ಟದ ತಖ್ತೆಯಲ್ಲಿ ಇದು ಎಲ್ಲಿಯೂ ಕಾಣುವುದಿಲ್ಲ. ಸಂಬಳ ಸಂಬಳದ ಖಾತೆಯಲ್ಲಿದೆ, ವಿದ್ಯುತ್ ವಿದ್ಯುತ್ತಿನ ಖಾತೆಯಲ್ಲಿದೆ, ಸವಕಳಿ ಮತ್ತು ಬಡ್ಡಿ ಅವುಗಳ ಜಾಗದಲ್ಲಿವೆ. ಆ 36 ತಾಸುಗಳಿಗೆ ಯಾವ ಖಾತೆಯೂ ಇಲ್ಲ. ಹೆಸರಿಲ್ಲದ ಖರ್ಚನ್ನು ಯಾರೂ ಪ್ರಶ್ನಿಸುವುದಿಲ್ಲ.

ಈಗ ಬದಲಾವಣೆಯ ವೇಳೆಯನ್ನು 45 ನಿಮಿಷಕ್ಕೆ ಇಳಿಸಿದೆವು ಎಂದುಕೊಳ್ಳೋಣ. 12 ಬದಲಾವಣೆಗಳಿಗೆ 9 ತಾಸು ಸಾಕು. ಉಳಿತಾಯವಾದ 27 ತಾಸಿನಲ್ಲಿ 810 ಬ್ಯಾಟರಿ ಹೆಚ್ಚಾಗಿ ತಯಾರಿಸಬಹುದು. ಸಾಮಗ್ರಿ ಮೊದಲಾದ ಬದಲಾಗುವ ವೆಚ್ಚಗಳನ್ನು ಕಳೆದು ಬ್ಯಾಟರಿಯೊಂದಕ್ಕೆ 150 ರೂಪಾಯಿ ಉಳಿಯುವುದಾದರೆ ತಿಂಗಳಿಗೆ 1,21,500 ರೂಪಾಯಿಗಳ ಹೆಚ್ಚುವರಿ ಆದಾಯ. ಮಾರುಕಟ್ಟೆಯಲ್ಲಿ ಅಷ್ಟು ಬೇಡಿಕೆ ಇದ್ದಲ್ಲಿ ಮಾತ್ರ ಈ ಲಾಭ ನಿಜ ಎಂಬುದನ್ನು ಇಲ್ಲಿಯೇ ಹೇಳಬೇಕು. ಬೇಡಿಕೆ ಇಲ್ಲದಿದ್ದರೆ ಏನು? ಆಗಲೂ ಲಾಭವಿದೆ, ಅದು ಬೇರೆ ರೂಪದಲ್ಲಿ ಬರುತ್ತದೆ.

ಸಣ್ಣ ಲಾಟು, ಸಣ್ಣ ದಾಸ್ತಾನು

ಬಿ.ಕಾಂ. ಓದಿದವರೆಲ್ಲರೂ ಮಿತವ್ಯಯದ ಲಾಟಿನ ಸೂತ್ರವನ್ನು ಕಲಿತಿರುತ್ತಾರೆ. ಒಂದು ಬಾರಿಯ ಬದಲಾವಣೆಯ ವೆಚ್ಚ ಹೆಚ್ಚಿದ್ದರೆ ದೊಡ್ಡ ಲಾಟು ಲಾಭದಾಯಕ, ಕಡಿಮೆಯಿದ್ದರೆ ಸಣ್ಣ ಲಾಟು ಲಾಭದಾಯಕ. ಈ ಸಂಬಂಧ ವರ್ಗಮೂಲದ ಪ್ರಕಾರ ನಡೆಯುತ್ತದೆ. ಬದಲಾವಣೆಯ ವೆಚ್ಚ ನಾಲ್ಕನೇ ಒಂದು ಭಾಗಕ್ಕೆ ಇಳಿದರೆ ಲಾಟಿನ ಗಾತ್ರ ಅರ್ಧಕ್ಕೆ ಇಳಿಯಬಹುದು. ಮೂರು ತಾಸು ಮುಕ್ಕಾಲು ತಾಸಾದಾಗ ಆಗುವುದು ಇದೇ.

ಮೇಲಿನ ಘಟಕ ಅದೇ 4,920 ಬ್ಯಾಟರಿಗಳನ್ನು 12ರ ಬದಲು 24 ಲಾಟುಗಳಲ್ಲಿ ತಯಾರಿಸಲಿ. ಬದಲಾವಣೆಗೆ 18 ತಾಸು ಹೋಗುತ್ತದೆ. ಆದರೂ ಮೊದಲಿಗಿಂತ 18 ತಾಸು ಉಳಿತಾಯವೇ. ಲಾಟಿನ ಗಾತ್ರ 410ರಿಂದ 205ಕ್ಕೆ ಇಳಿಯುತ್ತದೆ. ಲಾಟಿನ ಅರ್ಧ ಭಾಗ ಸರಾಸರಿ ದಾಸ್ತಾನು ಎಂಬ ರೂಢಿಯ ಪ್ರಕಾರ ಆರು ಬಗೆಗಳ ದಾಸ್ತಾನು ಸುಮಾರು 1,200ರಿಂದ 600 ಬ್ಯಾಟರಿಗೆ ಇಳಿಯುತ್ತದೆ. ಬ್ಯಾಟರಿಯೊಂದರ ವೆಚ್ಚ 3,000 ರೂಪಾಯಿ ಎಂದರೆ 18 ಲಕ್ಷ ರೂಪಾಯಿಗಳು ಗೋದಾಮಿನಿಂದ ಹೊರಬಂದಂತಾಯಿತು. ಬ್ಯಾಂಕು ಶೇ. 25 ಮಾರ್ಜಿನ್ ಕೇಳುವುದಾದರೆ ಅದರಲ್ಲಿ 4.5 ಲಕ್ಷ ಮಾಲೀಕರ ಸ್ವಂತ ಹಣ, 13.5 ಲಕ್ಷ ಕ್ಯಾಶ್ ಕ್ರೆಡಿಟ್ ಸಾಲ. ಶೇ. 11ರ ದರದಲ್ಲಿ ವರ್ಷಕ್ಕೆ 1,48,500 ರೂಪಾಯಿ ಬಡ್ಡಿ ಉಳಿಯುತ್ತದೆ.

ಸೀಸದ ಬ್ಯಾಟರಿಯ ದಾಸ್ತಾನಿಗೆ ಇನ್ನೊಂದು ವಿಶೇಷವಿದೆ. ವಾಲ್ವನ್ನು ಎಣ್ಣೆ ಹಚ್ಚಿ ಆರು ತಿಂಗಳು ಇಟ್ಟರೂ ಅದು ವಾಲ್ವೇ. ಆಮ್ಲ ತುಂಬಿ ಚಾರ್ಜ್ ಮಾಡಿದ ಬ್ಯಾಟರಿ ಮಾತ್ರ ಗೋದಾಮಿನಲ್ಲಿ ಕುಳಿತಲ್ಲಿಯೇ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಹೆಚ್ಚು ಕಾಲ ಬಿಟ್ಟರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂಡುತ್ತದೆ. ಮತ್ತೆ ಚಾರ್ಜ್ ಮಾಡಬೇಕು, ಆಯುಷ್ಯವೂ ಕಡಿಮೆಯಾಗುತ್ತದೆ. ತಯಾರಿಕೆಯ ತಿಂಗಳನ್ನು ನೋಡಿ ಡೀಲರು ಹಳೆಯ ಮಾಲನ್ನು ತೆಗೆದುಕೊಳ್ಳಲು ಹಿಂಜರಿಯುತ್ತಾನೆ. ಇದರ ಮೇಲೆ ಸೀಸದ ಬೆಲೆಯ ಏರಿಳಿತದ ಅಪಾಯವೂ ಇದೆ. ಆದ್ದರಿಂದ ಬ್ಯಾಟರಿ ಉದ್ದಿಮೆಯಲ್ಲಿ ದೊಡ್ಡ ದಾಸ್ತಾನು ಆಸ್ತಿಯೆಂದು ತಖ್ತೆಯಲ್ಲಿ ಕಂಡರೂ ದಿನದಿಂದ ದಿನಕ್ಕೆ ಕರಗುವ ಆಸ್ತಿ.

ಜಪಾನಿನ ಅನುಭವ

ಈ ವಿಚಾರವನ್ನು ಶಾಸ್ತ್ರೀಯವಾಗಿ ರೂಪಿಸಿದವರು ಜಪಾನಿನ ಶಿಗಿಯೋ ಶಿಂಗೋ. 1950ರಲ್ಲಿ ಹಿರೋಷಿಮಾದ ಟೊಯೊ ಕೋಗ್ಯೊ ಕಾರ್ಖಾನೆಯಲ್ಲಿ ದೊಡ್ಡ ಪ್ರೆಸ್ಸುಗಳ ಕೆಲಸವನ್ನು ಅವರು ಪರಿಶೀಲಿಸುತ್ತಿದ್ದರು. ಡೈ ಬದಲಾಯಿಸುವಾಗ ಒಂದು ಬೋಲ್ಟ್ ಸಿಗದೆ ಕೆಲಸಗಾರನು ಅದನ್ನು ಹುಡುಕಲು ಹೋದುದರಿಂದ ಪ್ರೆಸ್ಸು ಒಂದು ತಾಸಿಗೂ ಹೆಚ್ಚು ಕಾಲ ನಿಂತಿತು. ಬದಲಾವಣೆಯ ಕೆಲಸದಲ್ಲಿ ಎರಡು ಜಾತಿಗಳಿವೆ ಎಂಬುದನ್ನು ಅವರು ಅಲ್ಲಿ ಗುರುತಿಸಿದರು: ಯಂತ್ರ ನಿಂತಾಗ ಮಾತ್ರ ಮಾಡಬಹುದಾದದ್ದು ಒಂದು, ಯಂತ್ರ ನಡೆಯುತ್ತಿರುವಾಗಲೇ ಮಾಡಿ ಮುಗಿಸಬಹುದಾದದ್ದು ಇನ್ನೊಂದು. 1969ರಲ್ಲಿ ಟೊಯೊಟಾ ಕಂಪನಿಯ 1,000 ಟನ್ ಪ್ರೆಸ್ಸಿನಲ್ಲಿ ನಾಲ್ಕು ತಾಸು ಹಿಡಿಯುತ್ತಿದ್ದ ಬದಲಾವಣೆಯನ್ನು ಮೊದಲು ಒಂದೂವರೆ ತಾಸಿಗೆ, ಕೊನೆಗೆ ಮೂರು ನಿಮಿಷಕ್ಕೆ ಇಳಿಸಲಾಯಿತು. ಹತ್ತು ನಿಮಿಷದೊಳಗೆ ಬದಲಾವಣೆ ಮುಗಿಯಬೇಕೆಂಬ ಈ ಪದ್ಧತಿಯೇ ಮುಂದೆ ಸ್ಮೆಡ್ ಎಂದು ಹೆಸರಾಯಿತು.

ಸಣ್ಣ ಉದ್ದಿಮೆದಾರರು ಇದನ್ನು ಕೇಳಿ ‘ಅದೆಲ್ಲ ಟೊಯೊಟಾಕ್ಕೆ ಸರಿ’ ಎಂದು ಬಿಡುವುದುಂಟು. ಆದರೆ ಶಿಂಗೋ ಅವರ ಮೊದಲ ಪಾಠದಲ್ಲಿ ಹಣದ ಮಾತೇ ಇಲ್ಲ. ಬೋಲ್ಟ್ ಮತ್ತು ಪಾನಾಗಳನ್ನು ಮೊದಲೇ ತಂದಿಟ್ಟುಕೊಳ್ಳಿ ಎಂಬುದಷ್ಟೇ ಆ ಪಾಠ. ಅದು ಗೋಕುಲ ರಸ್ತೆಯ ಎರಡು ಯಂತ್ರಗಳ ಶೆಡ್ಡಿಗೂ ಅನ್ವಯಿಸುತ್ತದೆ.

ನಮ್ಮಲ್ಲಿಯೇ ಮಾಡಿಸಬಹುದಾದದ್ದು

ಸ್ಟ್ರಾಪ್ ಎರಕದ ಯಂತ್ರಕ್ಕೆ ಈ ತತ್ವವನ್ನು ಅನ್ವಯಿಸಿದರೆ ಆಗಬೇಕಾದ ಕೆಲಸಗಳು ಇವು:

1. ಮುಂದಿನ ಅಚ್ಚನ್ನು ಯಂತ್ರದ ಹೊರಗೆ ಒಂದು ಸ್ಟ್ಯಾಂಡಿನ ಮೇಲೆ ಮೊದಲೇ ಕಾಯಿಸಿಡುವುದು. ಅತಿ ಹೆಚ್ಚು ವೇಳೆ ಉಳಿಯುವುದು ಇದರಿಂದಲೇ.

2. ಎಲ್ಲ ಅಚ್ಚುಗಳನ್ನೂ ಒಂದೇ ಅಳತೆಯ ತಳಫಲಕದ ಮೇಲೆ ಕೂಡಿಸುವುದು. ಯಂತ್ರದಲ್ಲಿ ಎರಡು ಗೈಡ್ ಪಿನ್ನುಗಳಿದ್ದರೆ ಫಲಕ ತಾನೇ ಸರಿಯಾದ ಜಾಗದಲ್ಲಿ ಕೂರುತ್ತದೆ. ಪ್ರತಿಸಲ ಅಳೆದು ಹೊಂದಿಸುವ ಕೆಲಸ ತಪ್ಪುತ್ತದೆ.

3. ಬೋಲ್ಟುಗಳ ಜಾಗದಲ್ಲಿ ಹಿಡಿ ತಿರುಗಿಸಿದರೆ ಬಿಗಿಯಾಗುವ ಕ್ಲ್ಯಾಂಪುಗಳನ್ನು ಹಾಕುವುದು.

4. ಹೀಟರ್ ಮತ್ತು ಉಷ್ಣಮಾಪಕದ ತಂತಿಗಳನ್ನೆಲ್ಲ ಒಂದೇ ಪ್ಲಗ್ಗಿಗೆ ತರುವುದು. ನೀರಿನ ಕೊಳವೆಗಳಿಗೆ ಒತ್ತಿದರೆ ಕೂಡುವ ಕಪ್ಲಿಂಗ್ ಹಾಕುವುದು.

5. ಯಂತ್ರದ ಮೇಜಿನಷ್ಟೇ ಎತ್ತರದ, ರೋಲರುಗಳಿರುವ ಟ್ರಾಲಿಯನ್ನು ಇಡುವುದು. ಬಿಸಿ ಅಚ್ಚನ್ನು ಎತ್ತುವುದರ ಬದಲು ಜಾರಿಸಬಹುದು.

6. ಪ್ರತಿಯೊಂದು ಬಗೆಗೂ ಉಷ್ಣತೆ, ಅದ್ದುವ ಕಾಲ, ತಣಿಸುವ ಕಾಲಗಳನ್ನು ಒಂದು ಫಲಕದ ಮೇಲೆ ಬರೆದಿಡುವುದು. ಈಗ ಇದು ಹಿರಿಯ ಮಿಸ್ತ್ರಿಯ ತಲೆಯಲ್ಲಿದೆ. ಆತ ರಜೆಯ ಮೇಲೆ ಹೋದರೆ ಕಾರ್ಖಾನೆಯೂ ಅರ್ಧ ರಜೆಯಲ್ಲಿರುತ್ತದೆ.

ವಿದೇಶದ ಬ್ಯಾಟರಿ ಯಂತ್ರ ತಯಾರಕರು ಇಂತಹ ಟೂಲಿಂಗ್ ಮಾರುತ್ತಾರೆ. ಅವುಗಳ ಬೆಲೆ ಸಣ್ಣ ಘಟಕಗಳಿಗೆ ಭಾರವೇ. ಆದರೆ ಮೇಲಿನ ಪಟ್ಟಿಯಲ್ಲಿ ಹುಬ್ಬಳ್ಳಿ-ಧಾರವಾಡದಲ್ಲಿ ಮಾಡಲಾಗದ ಕೆಲಸ ಯಾವುದೂ ಇಲ್ಲ. ಕೈಗಾರಿಕಾ ವಾಲ್ವುಗಳಿಗೆ ಹೆಸರಾದ ಊರು ಹುಬ್ಬಳ್ಳಿ. ವಾಲ್ವಿನ ಬಾಡಿಗಳನ್ನು ಯಂತ್ರಕ್ಕೆ ಹಿಡಿಸುವ ಫಿಕ್ಶ್ಚರುಗಳನ್ನು ಮಾಡಿ ಪಳಗಿದ ಕೈಗಳು ಇಲ್ಲಿವೆ. ಹುಬ್ಬಳ್ಳಿಯಲ್ಲಿ ಸರಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ ಇದೆ. ಧಾರವಾಡದಲ್ಲಿ ಎನ್‌ಟಿಟಿಎಫ್ ಕೇಂದ್ರವಿದೆ. ಟೂಲ್ ಮತ್ತು ಡೈ ತಯಾರಿಕೆಯನ್ನು ಕಲಿತು ಹೊರಬರುವ ನಮ್ಮ ಹುಡುಗರು ಪುಣೆ ಮತ್ತು ಬೆಂಗಳೂರಿನ ಗಾಡಿ ಹಿಡಿಯುತ್ತಾರೆ. ಅವರಿಗೆ ಇಲ್ಲಿಯೇ ಕೊಡಬಹುದಾದ ಕೆಲಸ ಇದು.

ಎಲ್ಲಿ ಎಚ್ಚರ ಬೇಕು

ಲೆಕ್ಕಪರಿಶೋಧಕನಾಗಿ ಎರಡು ಎಚ್ಚರಿಕೆಯ ಮಾತುಗಳನ್ನು ಹೇಳುವುದು ನನ್ನ ಕರ್ತವ್ಯ. ಮೊದಲನೆಯದಾಗಿ, ಕಾರ್ಖಾನೆಯ ಉತ್ಪಾದನೆಯನ್ನು ತಡೆದು ಹಿಡಿದಿರುವ ಹಂತ ಯಾವುದೆಂದು ಮೊದಲು ತಿಳಿಯಬೇಕು. ಬ್ಯಾಟರಿಗಳನ್ನು ಮೊದಲ ಬಾರಿ ಚಾರ್ಜ್ ಮಾಡುವ ಬೆಂಚುಗಳೇ ಸಾಲದಿದ್ದರೆ, ಎರಕದ ಯಂತ್ರದಲ್ಲಿ 27 ತಾಸು ಉಳಿಸಿದರೂ ಒಂದು ಬ್ಯಾಟರಿಯೂ ಹೆಚ್ಚಾಗಿ ಹೊರಬರುವುದಿಲ್ಲ; ಅರೆಸಿದ್ಧ ಮಾಲು ಮಾತ್ರ ಹೆಚ್ಚುತ್ತದೆ. ಅಂತಹ ಘಟಕಕ್ಕೆ ಉಳಿಯುವ ಪ್ರಯೋಜನ ಸಣ್ಣ ಲಾಟಿನದು ಮಾತ್ರ. ಅದೂ ಕಡಿಮೆಯದಲ್ಲ, ಆದರೆ ಯೋಜನಾ ವರದಿಯಲ್ಲಿ ಎರಡನ್ನೂ ಸೇರಿಸಿ ತೋರಿಸಬಾರದು.

ಎರಡನೆಯದಾಗಿ, ತ್ವರಿತ ಬದಲಾವಣೆ ಎಂದರೆ ಆತುರದ ಬದಲಾವಣೆ ಅಲ್ಲ. ಕರಗಿದ ಸೀಸ ಮತ್ತು ಅದರ ಧೂಳು ಕಾರ್ಮಿಕರ ಆರೋಗ್ಯಕ್ಕೆ ಮಾರಕ. ಟ್ರಾಲಿ, ಪಿನ್ನು, ಕ್ಲ್ಯಾಂಪು ಒಂದನ್ನೂ ಕೊಡದೆ ‘ಬೇಗ ಮುಗಿಸು’ ಎಂದು ಫಿಟ್ಟರನ ಬೆನ್ನು ಹತ್ತಿದರೆ ಸುಟ್ಟ ಗಾಯಗಳೂ ಕೆಟ್ಟ ಎರಕವೂ ದೊರೆಯುತ್ತವೆ. ವೇಳೆ ಉಳಿಯಬೇಕಾದದ್ದು ಸಿದ್ಧತೆಯಿಂದ. ಬದಲಾವಣೆಯ ಕ್ರಮವನ್ನು ರೂಪಿಸುವಾಗ ಆ ಕೆಲಸ ಮಾಡುವವರನ್ನೇ ಕೂರಿಸಿಕೊಂಡು ಕೇಳಬೇಕು. ಎಲ್ಲಿ ವೇಳೆ ಹೋಗುತ್ತದೆಂಬುದು ಮಾಲೀಕರಿಗಿಂತ ಅವರಿಗೆ ಚೆನ್ನಾಗಿ ಗೊತ್ತು.

ತೆರಿಗೆ ಮತ್ತು ಲೆಕ್ಕಪತ್ರದ ಅಂಶಗಳು

ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬಳಕೆಯಾಗುವ ಅಚ್ಚು, ಜಿಗ್ಗು, ತಳಫಲಕಗಳನ್ನು ಸ್ಥಿರಾಸ್ತಿಯಾಗಿ ತೋರಿಸಬೇಕು. ಆದಾಯ ತೆರಿಗೆಯಲ್ಲಿ ಇವುಗಳಿಗೆ ಯಂತ್ರೋಪಕರಣಗಳ ಸಾಮಾನ್ಯ ಸವಕಳಿ ದರವಾದ ಶೇ. 15 ಅನ್ವಯಿಸುತ್ತದೆ. ಅಚ್ಚುಗಳಿಗೆ ಶೇ. 30 ಎಂದು ಕೆಲವರು ತಿಳಿದಿರುವುದುಂಟು. ಆ ದರ ರಬ್ಬರ್ ಮತ್ತು ಪ್ಲಾಸ್ಟಿಕ್ ಸರಕುಗಳ ಕಾರ್ಖಾನೆಗಳ ಅಚ್ಚುಗಳಿಗೆ ಮೀಸಲು. ಖರೀದಿಯ ಮೇಲೆ ಕೊಟ್ಟ ಜಿಎಸ್‌ಟಿಯನ್ನು ನಿಯಮಾನುಸಾರ ಹೂಡುವಳಿ ತೆರಿಗೆಯಾಗಿ ಜಮಾ ಪಡೆಯಬಹುದು.

ತಮ್ಮದೇ ಹೆಸರಿನಲ್ಲಿ ಬ್ಯಾಟರಿ ಮಾರುವ ವ್ಯಾಪಾರಸ್ಥರು ತಮ್ಮ ಅಚ್ಚುಗಳನ್ನು ತಯಾರಕರಿಗೆ ಜಾಬ್ ವರ್ಕ್‌ಗಾಗಿ ಕೊಡುವ ಪದ್ಧತಿ ಇದೆ. ಜಾಬ್ ವರ್ಕ್‌ಗೆ ಕಳುಹಿಸಿದ ಮಾಲನ್ನು ನಿಗದಿತ ಅವಧಿಯಲ್ಲಿ ಮರಳಿ ತರಬೇಕೆಂಬ ಜಿಎಸ್‌ಟಿ ನಿಯಮ ಅಚ್ಚು, ಡೈ, ಜಿಗ್ಗು, ಫಿಕ್ಶ್ಚರು ಮತ್ತು ಟೂಲುಗಳಿಗೆ ಅನ್ವಯಿಸುವುದಿಲ್ಲ. ಚಲನ್ ಮತ್ತು ದಾಖಲೆ ಮಾತ್ರ ಸರಿಯಾಗಿರಬೇಕು. ಅಚ್ಚು ಮಾಡಿಸುವಾಗಲೇ ತಯಾರಕನ ತಳಫಲಕದ ಅಳತೆಗೆ ಹೊಂದುವಂತೆ ಮಾಡಿಸಿದರೆ ವ್ಯಾಪಾರಸ್ಥನ ಸಣ್ಣ ಆರ್ಡರನ್ನೂ ತಯಾರಕ ಸಂತೋಷದಿಂದ ಒಪ್ಪಿಕೊಳ್ಳುತ್ತಾನೆ.

ಕೇಂದ್ರ ಸರಕಾರ 2023ರ ಮಾರ್ಚ್‌ನಲ್ಲಿ ಆರಂಭಿಸಿದ ಎಂಎಸ್‌ಎಂಇ ಕಾಂಪಿಟಿಟಿವ್ ಲೀನ್ ಯೋಜನೆಯಲ್ಲಿ ಸಲಹೆಗಾರರ ವೆಚ್ಚದ ಶೇ. 90ರಷ್ಟನ್ನು ಸರಕಾರ ಭರಿಸುವ ಏರ್ಪಾಡು ಮಾಡಲಾಯಿತು. ಉದ್ಯಮ್ ನೋಂದಣಿ ಇರುವ ಘಟಕಗಳು ಅರ್ಜಿ ಸಲ್ಲಿಸುವ ಮುನ್ನ ಚಾಲ್ತಿಯಲ್ಲಿರುವ ನಿಯಮಗಳನ್ನು ಪರಿಶೀಲಿಸಿಕೊಳ್ಳಬೇಕು.

ಲಿಥಿಯಂ ಬಂದರೂ ಪ್ರಶ್ನೆ ಅದೇ

ಸೀಸದ ಬ್ಯಾಟರಿಯ ಕಾಲ ಮುಗಿಯುತ್ತಿರುವಾಗ ಈ ಚರ್ಚೆ ಏಕೆ ಎಂದು ಕೇಳಬಹುದು. ಸುಧಾರಿತ ಕೋಶಗಳ ತಯಾರಿಕೆಗಾಗಿ ಕೇಂದ್ರ ಸರಕಾರ 2021ರ ಮೇ ತಿಂಗಳಲ್ಲಿ 18,100 ಕೋಟಿ ರೂಪಾಯಿಗಳ ಪ್ರೋತ್ಸಾಹಧನ ಯೋಜನೆಯನ್ನು ಅಂಗೀಕರಿಸಿತು. 2022ರ ಜುಲೈನಲ್ಲಿ ಅದರ ಒಪ್ಪಂದಕ್ಕೆ ಸಹಿ ಹಾಕಿದ ಮೂರು ಕಂಪನಿಗಳಲ್ಲಿ ರಾಜೇಶ್ ಎಕ್ಸ್‌ಪೋರ್ಟ್ಸ್ ಒಂದು. ಅದರ 5 ಗಿಗಾವ್ಯಾಟ್-ಅವರ್ ಸಾಮರ್ಥ್ಯದ ಕಾರ್ಖಾನೆಗೆ ಧಾರವಾಡವನ್ನು ಆರಿಸಲಾಯಿತು. ಆ ಕೆಲಸ ನಿಗದಿತ ವೇಳಾಪಟ್ಟಿಗಿಂತ ಹಿಂದೆ ಬಿದ್ದಿತು. ದೊಡ್ಡ ಕಾರ್ಖಾನೆ ಬರಲಿ ಎಂದು ಕಾಯುತ್ತ ಕೂಡುವುದರ ಬದಲು, ಬಂದಾಗ ಅದಕ್ಕೆ ಏನನ್ನು ಪೂರೈಸಬಲ್ಲೆವೆಂದು ಯೋಚಿಸುವುದು ನಮ್ಮ ಕೈಯಲ್ಲಿದೆ.

ಲಿಥಿಯಂ ಕೋಶಗಳಲ್ಲಿಯೂ ಬಗೆಗಳು ಹಲವು. 18650 ಎಂಬ ಕೋಶ 18 ಮಿ.ಮೀ. ವ್ಯಾಸ, 65 ಮಿ.ಮೀ. ಉದ್ದದ್ದು, 21700 ಎಂಬುದು 21 ಮಿ.ಮೀ. ವ್ಯಾಸ, 70 ಮಿ.ಮೀ. ಉದ್ದದ್ದು. ಅಳತೆ ಬದಲಾದರೆ ಸುರುಳಿ ಸುತ್ತುವ, ಅಂಚು ಮಡಿಸುವ, ಹಿಡಿದು ಸಾಗಿಸುವ ಭಾಗಗಳೆಲ್ಲ ಬದಲಾಗಬೇಕು. ಕೋಶಗಳನ್ನು ಕೊಂಡು ಪ್ಯಾಕ್ ಜೋಡಿಸುವ ಸಣ್ಣ ಘಟಕಗಳಿಗೂ ಪ್ಯಾಕಿನ ವಿನ್ಯಾಸ ಬದಲಾದಂತೆ ಸ್ಪಾಟ್ ವೆಲ್ಡಿಂಗ್ ಜಿಗ್ಗು ಬದಲಾಗಲೇಬೇಕು. ಒಂದೇ ತಳಫಲಕ, ಗೈಡ್ ಪಿನ್ನು, ಕ್ಲ್ಯಾಂಪು ಎಂಬ ಸೂತ್ರ ಅಲ್ಲಿಯೂ ಹಾಗೆಯೇ ಅನ್ವಯಿಸುತ್ತದೆ. ಇಂದು ಸೀಸದ ಬ್ಯಾಟರಿಗೆ ತ್ವರಿತ ಬದಲಾವಣೆಯ ಟೂಲಿಂಗ್ ಮಾಡಿ ಕಲಿತ ವರ್ಕ್‌ಶಾಪು ನಾಳೆ ಲಿಥಿಯಂ ಘಟಕದ ಬಾಗಿಲಿಗೆ ಧೈರ್ಯವಾಗಿ ಹೋಗಬಹುದು.

ಸಂಸ್ಥೆ ಮತ್ತು ಸದಸ್ಯರು ಮಾಡಬೇಕಾದದ್ದು

ನಮ್ಮ ವಾಣಿಜ್ಯೋದ್ಯಮ ಸಂಸ್ಥೆ ಈ ವಿಷಯದಲ್ಲಿ ಮೂರು ಕೆಲಸಗಳನ್ನು ಕೈಗೆತ್ತಿಕೊಳ್ಳಬೇಕೆಂದು ಸೂಚಿಸುತ್ತೇನೆ. ಒಂದು, ಜಿಟಿಟಿಸಿಯ ಸಹಕಾರದಿಂದ ಒಂದು ದಿನದ ಪ್ರಾತ್ಯಕ್ಷಿಕೆ ಏರ್ಪಡಿಸುವುದು. ಭಾಷಣಗಳಿಗಿಂತ ಒಂದು ಅಚ್ಚನ್ನು ಎರಡೂ ವಿಧಾನಗಳಲ್ಲಿ ಬದಲಾಯಿಸಿ ಗಡಿಯಾರ ತೋರಿಸಿದರೆ ಸಾಕು. ಎರಡು, ಟೂಲಿಂಗ್ ಮಾಡಿಕೊಡಬಲ್ಲ ಸ್ಥಳೀಯ ವರ್ಕ್‌ಶಾಪುಗಳ ಪಟ್ಟಿಯನ್ನು ಈ ಪತ್ರಿಕೆಯಲ್ಲಿ ಪ್ರಕಟಿಸುವುದು. ಮೂರು, ಅವುಗಳಿಗೆ ಕೊಡಬೇಕಾದ ಹಣ ಸಕಾಲಕ್ಕೆ ಸಲ್ಲುವಂತೆ ಸದಸ್ಯರಿಗೆ ತಿಳುವಳಿಕೆ ನೀಡುವುದು. ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನಗಳೊಳಗೆ ಪಾವತಿಸದ ವೆಚ್ಚವನ್ನು ಪಾವತಿಸಿದ ವರ್ಷದಲ್ಲಿ ಮಾತ್ರ ಕಳೆಯಲು ಬರುತ್ತದೆಂಬ ಆದಾಯ ತೆರಿಗೆಯ ನಿಯಮ 2023-24ರ ಲೆಕ್ಕವರ್ಷದಿಂದಲೇ ಜಾರಿಗೆ ಬಂದಿದೆ.

ಸದಸ್ಯರು ಮಾಡಬೇಕಾದದ್ದು ಅದಕ್ಕಿಂತ ಸುಲಭ. ಬರುವ ತಿಂಗಳ ಒಂದನೆಯ ತಾರೀಖಿನಿಂದ ಪ್ರತಿ ಯಂತ್ರದ ಬಳಿ ಒಂದು ನೋಟ್ ಪುಸ್ತಕ ಇಡಿ. ಹಿಂದಿನ ಬಗೆಯ ಕೊನೆಯ ಒಳ್ಳೆಯ ಮಾಲು ಹೊರಬಂದ ವೇಳೆ ಮತ್ತು ಹೊಸ ಬಗೆಯ ಮೊದಲ ಒಳ್ಳೆಯ ಮಾಲು ಹೊರಬಂದ ವೇಳೆ, ಇವೆರಡನ್ನು ಮಾತ್ರ ಬರೆಸಿ. ತಿಂಗಳ ಕೊನೆಗೆ ಅಂತರಗಳನ್ನು ಕೂಡಿಸಿ, ಬ್ಯಾಂಕಿಗೆ ಸ್ಟಾಕ್ ಸ್ಟೇಟ್‌ಮೆಂಟ್ ಕಳುಹಿಸುವ ದಿನವೇ ಆ ಮೊತ್ತವನ್ನೂ ನೋಡಿ. ಹೊಸ ಯಂತ್ರದ ಕೊಟೇಶನ್ ಮೇಜಿನ ಮೇಲಿದ್ದರೆ ಅದರ ಪಕ್ಕದಲ್ಲಿಯೇ ಈ ಪುಸ್ತಕವನ್ನೂ ಇಟ್ಟುಕೊಂಡು ನಿರ್ಧಾರ ಮಾಡಿ.